ಗಂಗಾಲಕ್ಷ್ಮಿಯ ಗ್ರಾಫು

"ಏನಾದ್ರೂ ಕಿತಾಪತಿ ಮಾಡಿದ್ದೀಯೇನೇ ಗಂಗಾ?"

ವಂಶಿಕೃಷ್ಣ ಯಂತ್ರದ ವೈರುಗಳನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದ. ಗಂಗಾಲಕ್ಷ್ಮಿ ತಲೆ ಎತ್ತಲಿಲ್ಲ. ಟ್ರೇಯಲ್ಲಿದ್ದ ಮೇಕೆಯ ಲಿವರ್‌ಗೆ ಉಷ್ಣತೆ ಅಳೆಯುವ ಸೂಜಿಯನ್ನು ನಿಧಾನವಾಗಿ ಚುಚ್ಚಿದಳು.

"ನೀನೇ ಎಲ್ಲಾ ನೋಡ್ಕೊಳ್ಳೋ. ಆಮೇಲೆ ನನ್ನ ಮೇಲೆ ಹಾಕ್ಬೇಡ."

ಅವನ ಅನುಮಾನ ಪೂರ್ತಿ ಸುಳ್ಳಲ್ಲ. ಅವಳಿಗೆ ಸೇಡು ಬೇಕಿತ್ತು. ಅಲ್ಟ್ರಾಸೌಂಡ್ ಹಾಯಿಸಿ ಮಾಂಸವನ್ನು ಕಾಯಿಸುತ್ತಾ, ಒಳಗಿನ ಶಾಖವನ್ನೂ ಒಳಗಿನ ಚಿತ್ರವನ್ನೂ ಒಟ್ಟಿಗೆ ಹಿಡಿಯುವ ವಿಧಾನ ಅವಳದ್ದು. ಗೌನಿಪಲ್ಲಿಯಿಂದ ಕೋಲಾರದ ಈ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಜೋತುಬಿದ್ದು ಬಂದು ಕಟ್ಟಿದ್ದು.

ಮೊದಲ ಗ್ರಾಫು ಬಂದದ್ದು ಗಾಂಧಿ ಜಯಂತಿಯಂದು. ಊರಿಗೆಲ್ಲ ರಜೆ. ಯಂತ್ರ ಓಡುತ್ತದೆಯೋ ಇಲ್ಲವೋ ನೋಡೋಣವೆಂದು ಅವಳೊಬ್ಬಳೇ ಬಂದಿದ್ದಳು. ಅವಳ ಪಿಎಚ್‌ಡಿ ಗೈಡ್ ಡಾಕ್ಟರ್ ಲಕ್ಷ್ಮೀನಾರಾಯಣ ಅಭ್ಯಾಸದಂತೆ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಾಗಿಲಲ್ಲೇ ನಿಂತರು. ಪರದೆಯ ಮೇಲೆ ಏರುತ್ತಿದ್ದ ಗೆರೆ ನೋಡಿ "ಭೇಷ್" ಎಂದು ಹೋದರು. ಟ್ರೇ ಕಡೆ ಅವರು ಎಂದೂ ಕಣ್ಣು ಹಾಯಿಸಿದವರಲ್ಲ. ಮಾಂಸ ಕಂಡರೆ ಅವತ್ತಿನ ಊಟ ಸೇರದು. ಅದರಿಂದ ಬರುವ ಕೀರ್ತಿಗೆ ಮಾತ್ರ ಯಾವ ಮಡಿಯೂ ಇರಲಿಲ್ಲ.

ಬೇಸಿಗೆಯ ಹೊತ್ತಿಗೆ ಅದೇ ಗ್ರಾಫು, ಅದೇ ಚಿತ್ರ, ಮೇಕೆಯ ಲಿವರ್ ಮೇಲಿನ ಪ್ರಯೋಗವೆಂದು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಯಿತು. ಹೆಸರು ಲಕ್ಷ್ಮೀನಾರಾಯಣ ಮತ್ತು ಅವರ ಅಕ್ಕನ ಮಗ ವಂಶಿಕೃಷ್ಣನದು. ಕೇಳಲು ಹೋದವಳಿಗೆ, "ಮುಂದಿನ ಲೇಖನದಲ್ಲಿ ನಿನ್ನ ಹೆಸರು ಹಾಕೋಣಮ್ಮ" ಎಂದರು. ಕೆಲಸ ತನ್ನದೆಂದು ಸಾಬೀತಾಗದಿದ್ದರೆ ಪಿಎಚ್‌ಡಿಯೂ ಇಲ್ಲ. ಇವರ ಮರ್ಯಾದೆಯನ್ನು ನಾಲ್ಕು ಜನರೆದುರು ತೆಗೆಯಬೇಕೆಂದು ಆವತ್ತೇ ಹಲ್ಲು ಕಚ್ಚಿದಳು.

ಆ ಜನ ಇವತ್ತು ಪ್ರಯೋಗವನ್ನು ಕಣ್ಣಾರೆ ನೋಡಲು ಬಂದಿದ್ದರು. ಮುಂದಿನ ಕುರ್ಚಿಯಲ್ಲಿ ಬೆಂಗಳೂರಿನ ತಜ್ಞೆ ಸೌಪರ್ಣಿಕಾ.

"ಎಲ್ಲಾ ಸರಿಯಾಗಿದೆಯೇನಮ್ಮ?" ಲಕ್ಷ್ಮೀನಾರಾಯಣ ದೂರದಿಂದಲೇ ಕೇಳಿದರು.

"ನೀವು ಲೇಖನದಲ್ಲಿ ಏನು ಬರ್ದಿದ್ದೀರೋ ಅದನ್ನೇ ಇಟ್ಟಿದ್ದೀನಿ ಸಾರ್."

ಸ್ವಿಚ್ ಒತ್ತಿದಳು. ಪರದೆಯಲ್ಲಿ ಲಿವರ್ ಮೂಡಿತು. ರಕ್ತನಾಳಗಳು ಕಪ್ಪಗೆ, ಕವಲು ಕವಲಾಗಿ ಕಂಡವು. ಶಾಖದ ಗೆರೆ ತೆವಳುತ್ತಾ ಏರಿತು. ಸೌಪರ್ಣಿಕಾ ಕೈಯಲ್ಲಿದ್ದ ಲೇಖನವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು.

"ನಿಮ್ಮ ಲೇಖನದ ಚಿತ್ರದಲ್ಲಿ ಒಂದು ನಾಳವೂ ಇಲ್ವಲ್ಲ? ಶಾಖ ಏರಿರೋದೂ ಬೇರೆ ಥರ."

ವಂಶಿ ಗಂಗಾಳತ್ತ ಬೆರಳು ತೋರಿದ. "ಇವಳೇ ಮೇಡಂ, ಇವತ್ತು ಏನೋ ಕೆಡಿಸಿದ್ದಾಳೆ! ಅವತ್ತು ಲಿವರ್ ಇಟ್ಟು, ಸೂಜಿ ಚುಚ್ಚಿ ಅಳೆದಿದ್ದು ನಾನೇ."

"ಹೌದು, ನಾನೂ ಪಕ್ಕದಲ್ಲೇ ನಿಂತಿದ್ದೆ," ಎಂದರು ಲಕ್ಷ್ಮೀನಾರಾಯಣ.

ಗಂಗಾಲಕ್ಷ್ಮಿ ಇಷ್ಟು ದಿನ ಕಾದದ್ದು ಈ ಎರಡು ಮಾತಿಗೆ. ಇಬ್ಬರ ಮುಖವನ್ನೂ ಕಣ್ತುಂಬ ನೋಡಿದಳು.

"ಅವತ್ತು ಟ್ರೇಯಲ್ಲಿದ್ದಿದ್ದು ಲಿವರ್ ಅಲ್ಲ ಮೇಡಂ. ಗಾಂಧಿ ಜಯಂತಿ, ಮಾಂಸದಂಗಡಿ ಎಲ್ಲಾ ಬಂದ್. ನಮ್ಮಮ್ಮ ಊಟಕ್ಕೆ ಅಂತ ಡಬ್ಬಿಗೆ ಹಾಕ್ಕೊಟ್ಟಿದ್ದ ರಾಗಿ ಮುದ್ದೆ."