ಗಾಲಿಯ ಮೇಲಿನ ಮನೆ

ಬಾಗಿಲು ತೆಗೆದದ್ದೇ ತಡ, ಕುಣಾಲ ವ್ಯಾನು ಹತ್ತಿ ಹಿಂದಿನ ಹಾಸಿಗೆಯ ಮೇಲೆ ಕುಳಿತುಬಿಟ್ಟ. ಇಪ್ಪತ್ತೈದು ದಾಟಿದ ಆಳೆತ್ತರದ ಮಗ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಇನ್ನೇನು ಹೊರಡುವುದೇ ಬಾಕಿ ಎನ್ನುವಂತೆ ಮುಂದಕ್ಕೆ ನೋಡತೊಡಗಿದ. ಅದನ್ನು ಕಂಡು ಶಿದ್ರಾಮನ ಎದೆ ಹಗುರಾಯಿತು.

"ನೋಡಿದೇನ ದುಂಡವ್ವಾ? ಹೇಳೂದಕ್ಕಿಂತ ಮೊದಲ ಹತ್ತಿ ಕುಂತಾನ" ಎಂದು ಹೆಂಡತಿಯ ಕಡೆ ತಿರುಗಿದ. ದುಂಡವ್ವನ ಕಣ್ಣು ವ್ಯಾನಿನ ಕೆಳಗೆ ಎಣ್ಣೆ ಸೋರಿ ಕರ್ರಗಾಗಿದ್ದ ಮಣ್ಣಿನ ಮೇಲಿತ್ತು.

ಪುಣೆಯ ಯಾರೋ ಊರೂರು ತಿರುಗಲೆಂದು ಹಳೆಯ ಟೆಂಪೋ ಟ್ರಾವೆಲರಿನೊಳಗೆ ಹಾಸಿಗೆ, ಗ್ಯಾಸ್ ಒಲೆ, ಅಂಗೈಯಗಲದ ಬಚ್ಚಲು ಎಲ್ಲ ಕೂಡಿಸಿ ಮನೆಯ ಹಾಗೆ ಮಾಡಿಸಿದ್ದರು. ತಿರುಗಿ ಸಾಕಾದ ಮೇಲೆ ಮಾರಿದ್ದರು. ಈಗ ಅದು ಮಿರಜಿನ ರೈಲು ಗೇಟಿನಾಚೆ, ಕಿಶೋರನ ಗ್ಯಾರೇಜಿನ ಹಿತ್ತಲಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು. "ಇಂಜಿನ್ ಕೆಲಸ ಭಾಳ ಐತ್ರಿ ಕಾಕಾ, ನಿಮಗ ಸುಳ್ಳ ಹೇಳಂಗಿಲ್ಲ. ಮ್ಯಾಲಿನ ಛತ್ತೂ ಸೋರತೈತಿ. ಆದರ ಗಾಲಿ, ಚಾಸಿ ಗಟ್ಟಿ ಅದಾವ" ಎಂದ ಕಿಶೋರ.

ಶಿದ್ರಾಮನಿಗೆ ಗಾಲಿಯೇ ಬೇಕಾಗಿತ್ತು. ಕುಣಾಲನಿಗೆ ಹುಟ್ಟಿದಾಗಿನಿಂದ ಮಾತಿಲ್ಲ. ಒಳಗಿನ ಸಂಕಟ ಹೇಳಲು ಬಾರದೆ ಚೀರುತ್ತಿದ್ದ, ಗೋಡೆಗೆ ತಲೆ ಅಪ್ಪಳಿಸುತ್ತಿದ್ದ. ಗಾಡಿಯ ಗಾಲಿ ಉರುಳುವಾಗ ಮಾತ್ರ ಸುಮ್ಮನಾಗುತ್ತಿದ್ದ. ಹಾಗಾಗಿ ಶಿದ್ರಾಮ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಧವನಗರದಿಂದ ಸಾಂಗ್ಲಿಗೆ ಶೇರ್ ಆಟೋ ಓಡಿಸುತ್ತ ಬಂದಿದ್ದ. ಮಗ ಬೆಳೆದು ದೊಡ್ಡವನಾದಂತೆ ಜನ ಆ ಆಟೋ ಹತ್ತಲು ಹೆದರತೊಡಗಿದರು. ಬಾಡಿಗೆ ಮನೆಗಳಲ್ಲಂತೂ ಚೀರಾಟ ಕೇಳಿ ಅಕ್ಕಪಕ್ಕದವರು ಗೋಡೆ ಬಡಿಯುತ್ತಿದ್ದರು. ಆಮೇಲೆ ಮಾಲಕ ಬಂದು ಮನೆ ಖಾಲಿ ಮಾಡಿ ಎನ್ನುತ್ತಿದ್ದ. ಈಗಿರುವ ಮನೆಯ ಮಾಲಕನೂ ಹಾಗೆ ಅಂದುಬಿಟ್ಟಿದ್ದ. ಒಮ್ಮೆ ಎದೆ ಕಲ್ಲು ಮಾಡಿಕೊಂಡು ಪರವೂರಿನ ಆಶ್ರಮವೊಂದರಲ್ಲಿ ಮಗನನ್ನು ಬಿಟ್ಟು ಬಂದಿದ್ದರು. ನೋಡಲು ಹೋದಾಗ ಅಲ್ಲಿನವರು ಅವನನ್ನು ಕಿಟಕಿಯ ಸರಳಿಗೆ ಕಟ್ಟಿ ಹಾಕಿದ್ದರು. ಅಂದೇ ಕರೆತಂದರು.

"ಇದರಾಗ ಇದ್ದಬಿಡೂಣು" ಎಂದ ಶಿದ್ರಾಮ. "ಮಾಲಕ ಇಲ್ಲ, ಬಾಜೂ ಮನಿಯವರಿಲ್ಲ. ಅಂವ ಚೀರಿದ ಅಂದ್ರ ಚಾವಿ ತಿರುವೂದು, ಖಂಡೇರಾಜುರಿ ಕಡೆ ಹೊಂಡೂದು. ಆ ಕಡೆ ರಸ್ತೆ ಖುಲ್ಲಾ ಇರತಾವು."

"ಡಾಕ್ಟರು ನಿಮಗ ಗಾಡಿ ಹೊಡೀಬ್ಯಾಡ್ರಿ ಅಂದಾರ. ಸಂಜಿ ಆತಂದ್ರ ನಿಮಗ ಎದುರಿಗಿನ ಮನಶ್ಯಾ ಕಾಣಂಗಿಲ್ಲ" ಎಂದಳು ಹೆಂಡತಿ.

"ಕಾಣೂತನಕಾ ಹೊಡೀತೇನಿ."

"ಆಮ್ಯಾಲ?" ದುಂಡವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಹೋದ ಮ್ಯಾಲ ಯಾರ ಹೊಡೀಬೇಕ್ರಿ ಇದನ್ನ? ನನಗ ಸೈಕಲ್ ಸುದ್ದಾ ಬರಂಗಿಲ್ಲ."

ಶಿದ್ರಾಮ ಡ್ರೈವರ್ ಸೀಟು ಹತ್ತಿದ. ಕಿಶೋರ ಬೇರೆ ಬ್ಯಾಟರಿ ತಂದು ತಂತಿ ಜೋಡಿಸಿದ. ಇಂಜಿನ್ ಕೆಮ್ಮಿತು, ಬುಸ್ಸೆಂದು ಹೊಗೆ ಉಗುಳಿತು, ಇಡೀ ವ್ಯಾನನ್ನು ಅಲುಗಾಡಿಸುತ್ತ ಶುರುವಾಯಿತು. ಗಾಡಿ ಮೆಲ್ಲಗೆ ಮುಂದೆ ಸರಿದಾಗ ಕುಣಾಲನ ಮುಖದ ಬಿಗಿ ಸಡಿಲಿತು. ಅವನ ಪಕ್ಕ ಹತ್ತಿ ಕುಳಿತಿದ್ದ ದುಂಡವ್ವ ಸಣ್ಣ ಕಪಾಟಿನ ಬಾಗಿಲು ತೆಗೆದು ನೋಡಿದಳು, ಒಲೆಯ ಕಟ್ಟೆಯ ಮೇಲೆ ಕೈಯಾಡಿಸಿದಳು. "ಇಲ್ಲೆ ಕುಕ್ಕರ್ ಕುಂದರತೈತಿ" ಎಂದಳು, ತನಗೆ ತಾನೇ ಹೇಳಿಕೊಂಡಂತೆ. ಆ ಮಾತು ಕೇಳಿ ಶಿದ್ರಾಮನ ಕಣ್ಣು ಒದ್ದೆಯಾಯಿತು.

ಹಿತ್ತಲಿನ ಅರ್ಧ ದಾಟುವುದರೊಳಗೆ ಇಂಜಿನ್ ನಿಂತಿತು.

ಕುಣಾಲ ಒಂದು ಗಳಿಗೆ ಕಾದ. ಆಮೇಲೆ ಚೀರಿದ. ಚೀರುತ್ತ ತಲೆಯನ್ನು ಕಿಟಕಿಯ ಗಾಜಿಗೆ ಬಡಿಯತೊಡಗಿದ. ಶಿದ್ರಾಮ ಚಾವಿ ತಿರುವಿದ, ಮತ್ತೆ ತಿರುವಿದ. "ಥಾಂಬಾ ಕಾಕಾ, ಸಾಕ್ರಿ. ಇವತ್ತ ಶುರು ಆಗಂಗಿಲ್ಲ. ಅವನ್ನ ಕೆಳಗ ಇಳಸ್ರಿ" ಎಂದು ಕಿಶೋರ ಓಡಿ ಬಂದ. ಇಳಿಸಲು ಹೋದರೆ ಮಗ ಹಾಸಿಗೆಯ ಕಬ್ಬಿಣವನ್ನು ಅಪ್ಪಿ ಹಿಡಿದ. ದುಂಡವ್ವ ಅವನ ಹಣೆಗೂ ಗಾಜಿಗೂ ನಡುವೆ ತನ್ನ ಅಂಗೈ ಇಟ್ಟಳು. ಬೆರಳುಗಳು ಜಜ್ಜಿಹೋದವು. ಆದರೂ ಅವನು ಬಡಿಯುವುದನ್ನು ನಿಲ್ಲಿಸಲಿಲ್ಲ.

ಅವಳು ಕೈ ಎಳೆದುಕೊಂಡು ಕೆಳಗಿಳಿದಳು. ಸೆರಗು ಸೊಂಟಕ್ಕೆ ಬಿಗಿದು ವ್ಯಾನಿನ ಹಿಂದೆ ಹೋಗಿ ತುಕ್ಕು ಹಿಡಿದ ತಗಡಿಗೆ ಭುಜ ಕೊಟ್ಟಳು.

"ಗೇರ್ ತಗೀರಿ" ಎಂದು ಅಲ್ಲಿಂದಲೇ ಕೂಗಿದಳು.

ಶಿದ್ರಾಮ ಗೇರ್ ತೆಗೆದು ಇಳಿದ. ಒಂದು ಕೈ ಸ್ಟೇರಿಂಗಿನ ಮೇಲಿಟ್ಟು, ಬಾಗಿಲ ಚೌಕಟ್ಟಿಗೆ ಎದೆ ಆನಿಸಿ ದಬ್ಬಿದ. ಏನು ಮಾಡಬೇಕೋ ತಿಳಿಯದೆ ಕಿಶೋರನೂ ಹಿಂದೆ ಬಂದು ಕೈ ಹಚ್ಚಿದ. ವ್ಯಾನು ನೆಲ ಕಚ್ಚಿ ನಿಂತಿತ್ತು, ಆಮೇಲೆ ಕಿರ್ರೆಂದು ಅಲುಗಿತು, ಉರುಳಿತು. ಒಳಗಿನ ಚೀರಾಟ ನರಳಾಟವಾಯಿತು, ನರಳಾಟವೂ ಅಡಗಿತು. ಮೂವರ ಏದುಸಿರಷ್ಟೇ ಉಳಿಯಿತು.

"ಎಲ್ಲೀತನಕಾ ದಬ್ಬೂದ್ರಿ ಮಾವಶಿ?" ಎಂದ ಕಿಶೋರ.

ದುಂಡವ್ವ ತಲೆ ಎತ್ತಲಿಲ್ಲ. ಮುಂದೆ ಹಿತ್ತಲಿನ ಕಲ್ಲುಗೋಡೆ ಹತ್ತಿರ ಬರುತ್ತಿತ್ತು. ಶಿದ್ರಾಮನಿಗೆ ಅದು ಕಾಣುತ್ತಿತ್ತು. ಕಂಡರೂ ಅವನು ದಬ್ಬುತ್ತಲೇ ಇದ್ದ.