ಬಾಗಿಲಿನ ಈಚೆ

ಆ ಹೆಂಗಸು ಹೆಲ್ಮೆಟ್ಟಿನ ದೀಪವನ್ನು ಮೂರನೆಯ ಸಲ ಕಬ್ಬಿಣದ ಬಾಗಿಲಿನತ್ತ ತಿರುಗಿಸಿದಾಗ ಗೈಡ್ ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟ. ಇಪ್ಪತ್ತು ಪ್ರವಾಸಿಗರಲ್ಲಿ ಅವಳೊಬ್ಬಳೇ ಫೋಟೋ ತೆಗೆಯುತ್ತಿರಲಿಲ್ಲ. ಪುಟ್ಟ ಪುಸ್ತಕದಲ್ಲಿ ಏನೋ ಗೀಚುತ್ತಿದ್ದಳು.

ತನಿಖೆಗೆ ಬಂದ ಇಲಾಖೆಯವಳೇ ಇರಬೇಕು.

ನೀರು ನುಗ್ಗಿ ಗಣಿ ಮುಚ್ಚಿ ಹದಿನೆಂಟು ವರ್ಷವಾಗಿತ್ತು. ಹಾಳು ಸುರಿಯುತ್ತಿದ್ದ ಊರಿಗೆ ಜೀವ ಬಂದದ್ದು ಪ್ರವಾಸೋದ್ಯಮ ಬೆಳೆಸುವ ಸರ್ಕಾರಿ ಯೋಜನೆಯಿಂದ. ಸುರಂಗಕ್ಕೆ ದೀಪ ಬಂತು, ಹಿಡಿದು ನಡೆಯಲು ಕಂಬಿ ಬಂತು, ಬೀದಿಯಲ್ಲಿ ಅಂಗಡಿಗಳು ತೆರೆದವು. ನೀರು ನುಗ್ಗಿದ ದಿನ ಆ ಪಾಳಿಯಲ್ಲಿ ಬದುಕಿ ಬಂದವನು ಇವನೊಬ್ಬನೇ. ಹಾಗಾಗಿ ಇವನೇ ಗೈಡ್. ಅಂದು ಸತ್ತ ಅಣ್ಣನ ಹೆಂಡತಿಗೆ ಟಿಕೆಟ್ ಕೊಡುವ ಕೆಲಸ. ಅತ್ತಿಗೆಯನ್ನು ನೋಡಿಕೊಳ್ಳಲೆಂದು ಮದುವೆಯನ್ನೂ ಆಗಲಿಲ್ಲವೆಂದು ಊರು ಇವನನ್ನು ಕೊಂಡಾಡುತ್ತಿತ್ತು. ಇಬ್ಬರದೂ ಒಂದೇ ಮನೆ; ಅವಳೂ ಹೊತ್ತು ಹೊತ್ತಿಗೆ ಬಿಸಿಬಿಸಿ ಬಡಿಸುತ್ತಿದ್ದಳು. ಅವನ ಕಥೆ ಕೇಳಲು ಮಾತ್ರ ಒಂದು ದಿನವೂ ಕೆಳಗಿಳಿದು ಬಂದಿರಲಿಲ್ಲ.

ಗೈಡ್ ಬಾಗಿಲಿನತ್ತ ಕೈ ತೋರಿಸಿ ಹೇಳಿದ. "ಅಣ್ಣ ನನ್ನನ್ನ ಈಚೆಗೆ ತಳ್ಳಿ, ತಾನೇ ಒಳಗಿನಿಂದ ಬಾಗಿಲು ಹಾಕ್ಕೊಂಡ. ಇಲ್ದಿದ್ರೆ ನೀರು ನನ್ನನ್ನೂ ಬಿಡ್ತಿರಲಿಲ್ಲ."

ಎಲ್ಲರೂ ತಲೆ ತಗ್ಗಿಸಿದರು.

"ಚಿಲಕ ಈಚೆ ಕಡೆ ಇದೆಯಲ್ಲ?" ಎಂದಳು ಅವಳು.

ಆಮೇಲೆ ರಿಪೇರಿ ಮಾಡಿದವರು ಹಿಂದುಮುಂದಾಗಿ ಜೋಡಿಸಿದ್ದಾರೆಂದು ಅವನು ಮಾತು ತೇಲಿಸಿದ. ಅವಳು ಅದನ್ನೂ ಬರೆದುಕೊಂಡಳು.

ಮೇಲೆ ಬಂದ ಮೇಲೆ ಆಫೀಸಿಗೆ ಕರೆ ಬಂತು. ಕೆಲಸ ಹೋಯಿತು, ಅದರ ಹಿಂದೆಯೇ ಮಾನವೂ ಹೋಯಿತು ಎಂದುಕೊಂಡೇ ಒಳಗೆ ಕಾಲಿಟ್ಟ. ಪುಸ್ತಕದಲ್ಲಿ ಗೀಚುತ್ತಿದ್ದ ಅದೇ ಹೆಂಗಸು, ಇಲಾಖೆಯ ಅಧಿಕಾರಿಣಿ, ನಕ್ಕು ಕುರ್ಚಿ ತೋರಿಸಿದಳು. ತನಿಖೆಯೂ ಇಲ್ಲ, ಗಿನಿಖೆಯೂ ಇಲ್ಲ. ಸರ್ಕಾರ ಅನುದಾನ ಹೆಚ್ಚಿಸಿದೆ, ಜನರೂ ಹೆಚ್ಚಬೇಕು. ಬರೀ ಮಾತು ಕೇಳಿ ಪ್ರವಾಸಿಗರಿಗೆ ಆಕಳಿಕೆ ಬರುತ್ತಿದೆಯಂತೆ. ಇನ್ನು ಮುಂದೆ ಸುರಂಗದಲ್ಲೇ ನಾಟಕ, ದಿನಕ್ಕೆ ನಾಲ್ಕು ಸಲ.

ಗೈಡ್ ಕುರ್ಚಿಗೆ ಒರಗಿ ಕೂತ. ಅವಳು ಕನ್ನಡಕ ಏರಿಸಿ ನಾಟಕದ ಹಾಳೆ ಓದತೊಡಗಿದಳು.

ನೀರು ನುಗ್ಗುತ್ತದೆ. ಅಣ್ಣ ತಮ್ಮ ಇಬ್ಬರೂ ಓಡುತ್ತಾರೆ. ಮುಂದಿದ್ದ ತಮ್ಮ ಈಚೆಗೆ ಹಾರಿ, ಹಿಂದಿರುಗಿ ನೋಡದೆ ಬಾಗಿಲು ದೂಡಿ ಚಿಲಕ ಜಡಿಯುತ್ತಾನೆ. ಆಚೆಯಿಂದ ಅಣ್ಣ ಬಡಿಯುತ್ತಾನೆ: 'ಪುಟ್ಟಾ, ತೆಗಿಯೋ. ಮೊಣಕಾಲಿಗೆ ಬಂತು, ಪುಟ್ಟಾ.' ತಮ್ಮ ಚಿಲಕವನ್ನೇ ಒತ್ತಿ ಹಿಡಿದು ನಿಲ್ಲುತ್ತಾನೆ. ಆಮೇಲೆ ಸದ್ದು ನಿಲ್ಲುತ್ತದೆ.

 ಆ ಮಾತು ಕೇಳಿಸಿಕೊಂಡಿದ್ದು ಗೈಡ್‌ನ ಎರಡು ಕಿವಿ ಮಾತ್ರ. ಯಾರ ಮುಂದೆಯೂ ಅವನು ಬಾಯಿಬಿಟ್ಟಿರಲಿಲ್ಲ.

"ತಮ್ಮನ ಪಾರ್ಟು ನಿಮ್ಮದೇ," ಎಂದಳು ಅಧಿಕಾರಿಣಿ. "ನೋಡಿದವರು ಉಗೀಬಹುದು, ಮನಸ್ಸಿಗೆ ಹಚ್ಕೋಬೇಡಿ. ನಾಟಕ ತಾನೆ?"

ಇದನ್ನು ಯಾರು ಬರೆದರೆಂದು ಅವನು ಕೇಳಿದ.

"ನಿಮ್ಮ ಅತ್ತಿಗೆಯವರೇ. ಯಾರೋ ನಿದ್ದೆಯಲ್ಲಿ ಬಡಬಡಿಸಿದ್ದನ್ನ ಕೇಳಿ ಕೇಳಿ ಹೊಳೆದ ಕಥೆಯಂತೆ. ಬಾಗಿಲಿನ ಆಚೆ ನಿಂತು ದಿನಾ ನಾಲ್ಕು ಸಲ ಬಡಿಯೋದಕ್ಕೂ ತಾವೇ ಬರ್ತೀನಿ ಅಂದಿದ್ದಾರೆ."