ನಕ್ಕವರಿಗೆ ಜಾಗ

"ಹಾಸಿಗೆ ಇದ್ದಷ್ಟು ಬಸ್ಸು ಚಾಚು" ಎಂದಿದ್ದಾರೆ ಹಿರಿಯರು. ನಂಬಿ, ನಡೆದದ್ದನ್ನೇ ಹೇಳುತ್ತೇನೆ. ದಸರಾ ರಜೆ. ಪ್ರವಾಸಿ ಗಾಡಿಗಳು ತಂಗುವ ಬಿಡಾರದ ಗೇಟಿನಲ್ಲಿ ಎಂದಿನಂತೆ ನಗು ಅಳೆಯುವ ನಗೆಮೀಟರು: ಜೋರಾಗಿ ನಕ್ಕವರ ಗಾಡಿಗೆ ಜಾಗ, ಸಂಜೆಗೂ ಹೊರಗುಳಿದ ಗಾಡಿ ಗುಜರಿಗೆ. ತಿಪ್ಪೇರುದ್ರಯ್ಯನಿಗೆ ಅವನ ಉದ್ದನೆಯ ಬಸ್ಸೇ ಮನೆ. ಇನ್ನೇನು ಅವನ ಸರದಿ ಎನ್ನುವಾಗ ಹಿಂದಿನ ವ್ಯಾನಿನ ಚಂಪಕ ಕಾವಲುಗಾರನ ದನಿಯಲ್ಲಿ ಕೂಗಿದಳು: "ಬಸ್ಸಿನ್ ಯಜಮಾನ್ರೇ, ಕೆರೆ ಪಕ್ಕ ಬೇಕಾದಷ್ಟು ಜಾಗ ಐತೆ, ಹೋಗ್ರೀ!"

ಕೆರೆ ಪಕ್ಕ ಇದ್ದದ್ದು ಗಾಡಿ ಪುಡಿಮಾಡುವ ಗುಜರಿ ಯಂತ್ರ. ಅವನು ಬೆವರುತ್ತ ಮರಳುವಷ್ಟರಲ್ಲಿ ಸಾಲಿಗೆ ಸಾಲೇ ಅವನು ಮೋಸಹೋದದ್ದಕ್ಕೆ ನಕ್ಕು ಒಳಸೇರಿತ್ತು. ಉಳಿದದ್ದು ಒಂದೇ ಜಾಗ. ಅವನ ಮುಖ ನೋಡಲೆಂದೇ ಹಿಂದುಳಿದಿದ್ದ ಚಂಪಕ ಈಗ ಅದಕ್ಕಾಗಿ ಹೊಟ್ಟೆ ಹಿಡಿದು ನಗುತ್ತಿದ್ದಳು.

"ನಗ್ರೀ, ಮನೆ ಹೋಗ್ತೈತೆ!" ಎಂದು ಹೆಂಡತಿ ಅಳುತ್ತ ತಿವಿದಳು.

ಕಣ್ಣೀರು ಸುರಿಸುತ್ತಲೇ ತಿಪ್ಪೇರುದ್ರಯ್ಯ ಎಲ್ಲರಿಗಿಂತ ಜೋರಾಗಿ ನಕ್ಕ. ಗೇಟು ತೆರೆಯಿತು. ಸಂಜೆ ಕೆರೆ ಪಕ್ಕದಿಂದ ಚಂಪಕಳ ವ್ಯಾನು ಪುಡಿಯಾಗುವ ಸದ್ದು ಕೇಳಿದ ಮೇಲಂತೂ ಅವನ ನಗು ನಿಲ್ಲಲೇ ಇಲ್ಲ.